ಸೈಕ್ಲಮೆನ್: ಆರೈಕೆ ಹೆಚ್ಚಾದಾಗ ಸೊರಗುವ ಗಿಡ

ಚಳಿಗಾಲ ಬಂತೆಂದರೆ ಯುರೋಪಿನ ಹೂವಂಗಡಿಗಳಲ್ಲಿ ಸೈಕ್ಲಮೆನ್ ಕುಂಡಗಳು ಸಾಲುಗಟ್ಟುತ್ತವೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಕಿಟಕಿಗಳಿಗೂ ಈ ಗಿಡ ಅಪರಿಚಿತವಲ್ಲ. ಬೆಳ್ಳಿಗೆರೆಯ ಹೃದಯಾಕಾರದ ಎಲೆಗಳು, ಅವುಗಳ ಮೇಲೆ ನೆಟ್ಟಗೆ ನಿಂತ ತೊಟ್ಟು, ತುದಿಯಲ್ಲಿ ಮುಖ ತಗ್ಗಿಸಿ ಎಸಳುಗಳನ್ನು ಮಾತ್ರ ಹಿಂದಕ್ಕೆ ಮಡಚಿಕೊಂಡ ಹೂವು. ಕೊಂಡು ತಂದವರು ಅದನ್ನು ಮನೆಯ ಅತ್ಯಂತ ಬೆಚ್ಚನೆಯ ಕೋಣೆಯಲ್ಲಿಟ್ಟು ದಿನವೂ ನೀರು ಹಾಕುತ್ತಾರೆ. ಕೆಲವೇ ವಾರಗಳಲ್ಲಿ ಎಲೆಗಳು ಹಳದಿಯಾಗುತ್ತವೆ, ತೊಟ್ಟುಗಳು ಬಾಗುತ್ತವೆ, ಗಿಡ ಬಲು ನಾಜೂಕಿನದು ಎಂಬ ಮಾತು ಹುಟ್ಟುತ್ತದೆ. ಆ ಮಾತು ಸರಿಯಲ್ಲ. ಇದು ಗಟ್ಟಿ ಗಿಡ. ಸರಿಯಾಗಿ ನೋಡಿಕೊಂಡರೆ ಇದರ ಗಡ್ಡೆ ಹತ್ತಾರು ವರ್ಷ ಬಾಳುತ್ತದೆ. ಮನೆಯೊಳಗೆ ಅದನ್ನು ಕೊಲ್ಲುವುದು ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ ನಾವು ಪ್ರೀತಿಯಿಂದ ಕೊಡುವ ಶಾಖ ಮತ್ತು ನೀರು.

ಅದು ಎಲ್ಲಿಂದ ಬಂತೆಂದು ನೋಡಿದರೆ ಕಾರಣ ತಿಳಿಯುತ್ತದೆ. ಕುಂಡದ ಸೈಕ್ಲಮೆನ್‌ಗಳೆಲ್ಲ ಬಹುಮಟ್ಟಿಗೆ ಒಂದೇ ಪ್ರಭೇದದ ಸಂತಾನ. ಆ ಪ್ರಭೇದ ಟರ್ಕಿಯ ದಕ್ಷಿಣ ಭಾಗ, ಸಿರಿಯಾ, ಲೆಬನಾನ್, ಇಸ್ರೇಲ್, ಸೈಪ್ರಸ್‌ಗಳ ಬೆಟ್ಟಗಳಲ್ಲಿ, ಬಂಡೆಯ ಸಂದುಗಳಲ್ಲಿ, ಪೈನ್ ಮತ್ತು ಕುರುಚಲು ಓಕ್‌ಗಳ ನೆರಳಿನಲ್ಲಿ ಬೆಳೆಯುತ್ತದೆ. ಅಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿ ಬೀಳುವುದಿಲ್ಲ. ಹೀಗಾಗಿ ಗಿಡ ಶರತ್ಕಾಲದ ಮೊದಲ ಮಳೆಗೆ ಚಿಗುರಿ, ತಂಪಿನಲ್ಲಿ ಹೂಬಿಟ್ಟು, ಬಿಸಿಲೇರಿದಾಗ ಎಲೆ ಕಳಚಿ ಗಡ್ಡೆಯೊಳಗೆ ಅಡಗುತ್ತದೆ. ನಮ್ಮ ಹೊಲದ ಅರಿಶಿನ, ಸುವರ್ಣಗಡ್ಡೆಗಳೂ ಒಣ ಋತುವಿನಲ್ಲಿ ಮಾಡುವುದು ಇದನ್ನೇ. ಸೈಕ್ಲಮೆನ್‌ನ ಮಳೆಗಾಲ ಮಾತ್ರ ಚಳಿಯಲ್ಲಿ ಬರುತ್ತದೆ. ಹಗಲು 15ರಿಂದ 18 ಡಿಗ್ರಿ ಸೆಲ್ಸಿಯಸ್, ರಾತ್ರಿ 10ರ ಆಸುಪಾಸು ಇದ್ದರೆ ಅದಕ್ಕೆ ಹಿತ. ಹೀಟರ್ ಉರಿಯುವ ಕೋಣೆಯಲ್ಲಿ ಸದಾ 22 ಡಿಗ್ರಿ ಇದ್ದರೆ ಬೇಸಿಗೆ ಬಂತೆಂದೇ ಅದು ತಿಳಿದು ಮಲಗಲು ಹೊರಡುತ್ತದೆ. ಆ ಹಳದಿ ಎಲೆ ಬಹಳ ಸಲ ರೋಗವಲ್ಲ, ವಿಶ್ರಾಂತಿಯ ಸಿದ್ಧತೆ. ಹೀಟರ್ ಇಲ್ಲದ ಮಲಗುವ ಕೋಣೆ, ಮೆಟ್ಟಿಲ ಬಳಿಯ ಕಿಟಕಿ, ಗಾಜಿನ ಮುಚ್ಚಿಗೆಯ ಜಗಲಿ ಇವೇ ಅದಕ್ಕೆ ತಕ್ಕ ಜಾಗ. ಹಗಲು ನಡುಮನೆಯಲ್ಲಿ ನೋಡಬೇಕೆನಿಸಿದರೆ ರಾತ್ರಿಯಾದರೂ ತಂಪಿಗೆ ಸರಿಸಬೇಕು. ಬೆಳಕು ಚೆನ್ನಾಗಿರಲಿ, ಸುಡುಬಿಸಿಲು ಬೇಡ.

ನೀರಿನ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಇಲ್ಲಿ ಗಿಡದ ಲಕ್ಷಣವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಾಯಾರಿದ ಸೈಕ್ಲಮೆನ್ ಜೋತುಬೀಳುತ್ತದೆ. ನೀರು ಹೆಚ್ಚಾಗಿ ಬೇರು ಕೊಳೆತ ಸೈಕ್ಲಮೆನ್ ಕೂಡ ಹಾಗೆಯೇ ಜೋತುಬೀಳುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು, ಒದ್ದೆ ಮಣ್ಣಿನಲ್ಲಿ ನಿಂತೇ ಎಲೆಗಳು ಒಣಗುತ್ತವೆ. ನೋಡಿದವರು ಬಾಯಾರಿಕೆಯೆಂದು ಇನ್ನೊಂದು ಲೋಟ ಸುರಿಯುತ್ತಾರೆ, ಗಿಡದ ಕಥೆ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಎಲೆಯನ್ನು ನಂಬದೆ ಕುಂಡವನ್ನು ಕೈಯಲ್ಲಿ ಎತ್ತಿ ನೋಡಬೇಕು. ಹಗುರವಾಗಿ ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಭಾರವಾಗಿದ್ದೂ ಗಿಡ ಬಾಡಿದ್ದರೆ ಗಡ್ಡೆಯನ್ನು ಮೆಲ್ಲನೆ ಒತ್ತಿ ನೋಡಬೇಕು. ಗಟ್ಟಿಯಿದ್ದರೆ ನೀರು ನಿಲ್ಲಿಸಿ ಕಾಯಬಹುದು, ಮೆತ್ತಗಾಗಿದ್ದರೆ ಉಳಿಯುವುದು ಕಷ್ಟ. ಗಡ್ಡೆಯ ನೆತ್ತಿಯಲ್ಲೇ ಎಲೆಮೊಗ್ಗು, ಹೂಮೊಗ್ಗುಗಳೆಲ್ಲ ಒತ್ತೊತ್ತಾಗಿ ಹುಟ್ಟುವುದರಿಂದ ಅಲ್ಲಿ ನೀರು ನಿಂತರೆ ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ. ತಟ್ಟೆಯಲ್ಲಿ ನೀರಿಟ್ಟು ಕುಂಡವನ್ನು 15–20 ನಿಮಿಷ ಅದರಲ್ಲಿ ಕೂರಿಸಿ, ಮಣ್ಣು ಹೀರಿಕೊಂಡ ಮೇಲೆ ಉಳಿದದ್ದನ್ನು ಚೆಲ್ಲಿಬಿಡುವುದು ಒಳ್ಳೆಯ ಕ್ರಮ. ಬಾಡಿದ ಹೂವನ್ನು ಕತ್ತರಿಸಬಾರದು, ಉಳಿದ ಮೋಟುತೊಟ್ಟು ಕೊಳೆಯುತ್ತದೆ. ಬುಡದಲ್ಲಿ ಹಿಡಿದು ತಿರುಚಿ ಎಳೆದರೆ ಸಲೀಸಾಗಿ ಬರುತ್ತದೆ. ಬೆಕ್ಕು ನಾಯಿಗಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು: ಗಿಡದಲ್ಲಿ, ಮುಖ್ಯವಾಗಿ ಗಡ್ಡೆಯಲ್ಲಿ, ಅವುಗಳಿಗೆ ವಿಷವಾಗುವ ಸಪೋನಿನ್‌ಗಳಿವೆ.

ಇಷ್ಟೆಲ್ಲ ಯಾಕೆ, ಪ್ರತಿವರ್ಷ ಹೊಸದೊಂದು ಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಬೆಲೆಯೊಂದನ್ನೇ ಲೆಕ್ಕ ಹಾಕಿದರೆ ಅವರ ಮಾತು ತಪ್ಪಲ್ಲ. ಆದರೆ ಬೀಜದಿಂದ ಹೂವಿಗೆ ಬರಲು ತಿಂಗಳುಗಟ್ಟಲೆ ಹಸಿರುಮನೆಯಲ್ಲಿ ಬೆಳೆದ ಗಿಡವನ್ನು ಅದು ನಿದ್ದೆಗೆ ಜಾರುವ ಹೊತ್ತಿಗೆ ಸತ್ತಿತೆಂದು ಬಿಸಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಸೈಕ್ಲಮೆನ್ ಗಡ್ಡೆ ಆಲೂಗಡ್ಡೆಯ ಹಾಗೆ ಪ್ರತಿವರ್ಷ ಕರಗಿ ಹೊಸದಾಗಿ ಹುಟ್ಟುವುದಿಲ್ಲ, ಮರಿ ಹಾಕುವುದೂ ಇಲ್ಲ. ಅದೇ ಗಡ್ಡೆ ಹಿಗ್ಗುತ್ತ ಹೋಗುತ್ತದೆ, ಹಿಗ್ಗಿದಂತೆ ಹೆಚ್ಚು ಹೂ ಕೊಡುತ್ತದೆ. ಹೂ ಮುಗಿದು ಎಲೆ ಹಳದಿಯಾಗತೊಡಗಿದಾಗ ನೀರನ್ನು ಮೆಲ್ಲಗೆ ತಗ್ಗಿಸಿ, ಎಲೆ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ, ಕುಂಡವನ್ನು ನೆರಳಿನ ಒಣ ಜಾಗದಲ್ಲಿಟ್ಟರೆ ಸಾಕು. ಬೇಸಿಗೆಯಿಡೀ ನೀರು ಕೊಟ್ಟು ಎಲೆ ಉಳಿಸಿಕೊಂಡವರೂ ಇದ್ದಾರಲ್ಲ ಎಂಬ ಆಕ್ಷೇಪವೂ ಉಂಟು. ಬೇಸಿಗೆಯೂ ತಂಪಾಗಿರುವ ಊರುಗಳಲ್ಲಿ ಅದು ಸಾಧ್ಯ. ಸೆಕೆಯಲ್ಲಿ ಮಲಗಿದ ಗಡ್ಡೆಗೆ ನೀರೆರೆದರೆ ಕೊಳೆಯುವ ಸಂಭವವೇ ಹೆಚ್ಚು.

ನಮ್ಮ ನಾಡಿನ ಮಟ್ಟಿಗೆ ನೇರವಾಗಿ ಹೇಳಬೇಕು. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ; ಕರಾವಳಿಯವರು ಇದನ್ನು ಕೊಳ್ಳದಿರುವುದೇ ಲೇಸು. ಬೆಂಗಳೂರಿನ ಚಳಿಗಾಲದ ರಾತ್ರಿ ಇದಕ್ಕೆ ಹೊಂದುತ್ತದೆ, ಮಧ್ಯಾಹ್ನ ಹೊಂದುವುದಿಲ್ಲ. ಬಿಸಿಲು ಬೀಳದ ಉತ್ತರದ ಕಿಟಕಿಯಲ್ಲಿ ಫೆಬ್ರವರಿಯವರೆಗೆ ಹೂ ಸಿಕ್ಕರೆ ಗಿಡ ತನ್ನ ಕೆಲಸ ಮಾಡಿದಂತೆಯೇ. ಮಡಿಕೇರಿ, ಊಟಿಯಂಥ ಎತ್ತರದ ಊರುಗಳಲ್ಲಿ ಗಡ್ಡೆ ಉಳಿಸುವ ಪ್ರಯತ್ನಕ್ಕೆ ಹೆಚ್ಚು ಅರ್ಥವಿದೆ. ಅಲ್ಲಿನ ತೊಡಕು ಮುಂಗಾರು. ಗಿಡದ ತವರಲ್ಲಿ ಒಣಗಾಲ ನಡೆಯುವ ಜೂನ್, ಜುಲೈಯಲ್ಲೇ ನಮ್ಮಲ್ಲಿ ಮಳೆ ಹೊಡೆಯುತ್ತದೆ. ಹಾಗಾಗಿ ಮಲಗಿದ ಕುಂಡ ಸೂರಿನೊಳಗೆ, ಎರಚಲೂ ತಾಗದ ಗಾಳಿಯಾಡುವ ಮೂಲೆಯಲ್ಲಿರಬೇಕು. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಗಡ್ಡೆಯ ನೆತ್ತಿಯ ಮೇಲೆ ಚಿಕ್ಕ ಮೊಗ್ಗುಗಳು ಕಂಡಾಗ ನೀರು ಬಸಿದುಹೋಗುವ ಹೊಸ ಮಣ್ಣಿಗೆ ಬದಲಿಸಿ, ಗಡ್ಡೆಯ ಮೇಲ್ಭಾಗವನ್ನು ಮಣ್ಣಿನಿಂದ ಹೊರಗೇ ಬಿಟ್ಟು, ಅಂಚಿನಲ್ಲಿ ಮೊದಲ ನೀರು ಕೊಡಬಹುದು.