ಕಂಪ್ಯೂಟರಿನ ಒಳ ಸೌಂಡ್ ಕಾರ್ಡು ಮತ್ತು ಧ್ವನಿಯ ವಿಳಂಬ

ಕಂಪ್ಯೂಟರಿನಲ್ಲಿ ಧ್ವನಿಯನ್ನು ಕೇಳುವುದು ಒಂದು ಬಗೆಯ ಕಾರ್ಯ. ಧ್ವನಿಯ ಮೇಲೆ ಕೆಲಸ ಮಾಡುವುದು ಇನ್ನೊಂದು ಬಗೆಯದು. ಮುದ್ರಿತವಾದ ಕೀರ್ತನೆಯೊಂದು ಗುಂಡಿಯನ್ನು ಒತ್ತಿ ಕಾಲು ಸೆಕೆಂಡು ಕಳೆದ ಮೇಲೆ ಆರಂಭವಾದರೂ ಕೇಳುವವರಿಗೆ ನಷ್ಟವೇನೂ ಇಲ್ಲ. ಆದರೆ ಮೈಕಿನ ಮುಂದೆ ಹಾಡುವವರು ತಮ್ಮ ಧ್ವನಿಯನ್ನೇ ಯಂತ್ರದ ಮೂಲಕ ಹೆಡ್‌ಫೋನಿನಲ್ಲಿ ಕೇಳುತ್ತಿರುವಾಗ ಅಷ್ಟು ತಡವಾದರೆ ಹಾಡು ಸಾಗುವುದೇ ಇಲ್ಲ. ಸುಮಾರು 200 ಮಿಲಿಸೆಕೆಂಡು ತಡವಾಗಿ ತನ್ನ ಮಾತನ್ನು ತಾನೇ ಕೇಳುವವನು ತೊದಲುತ್ತಾನೆ, ಅಕ್ಷರಗಳನ್ನು ಎಳೆಯುತ್ತಾನೆ; ಬರ್ನಾರ್ಡ್ ಲೀ ಎಂಬವರು 1950ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಈ ಸಂಗತಿ ಪ್ರಸಿದ್ಧವಾಯಿತು. ಸಂಗೀತದವರು ವಿಳಂಬಕಾಲವೆನ್ನುವುದು ಬೇರೆ. ಪ್ರಕೃತ ಲೇಖನದಲ್ಲಿ ವಿಳಂಬವೆಂದರೆ ಧ್ವನಿಯು ಯಂತ್ರವನ್ನು ಹೊಕ್ಕು ಮತ್ತೆ ಹೊರಬರಲು ಹಿಡಿಯುವ ಕಾಲವೆಂದು ಮಾತ್ರ ತಿಳಿಯತಕ್ಕದ್ದು.

ಇಂಥ ಕೆಲಸಕ್ಕೆ ಪ್ರತ್ಯೇಕವಾದ ಬೆಲೆಯುಳ್ಳ ಉಪಕರಣವೇ ಬೇಕು, ಕಂಪ್ಯೂಟರಿನೊಳಗೆ ಮೊದಲೇ ಕೂಡಿಸಿರುವ ಸೌಂಡ್ ಕಾರ್ಡು ನಿರುಪಯೋಗಿ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಹಣವಿಲ್ಲದವರು ಈ ನಂಬಿಕೆಯಿಂದಲೇ ಕೆಲಸವನ್ನು ಆರಂಭಿಸದೆ ಬಿಡುವುದುಂಟು. ಈ ನಂಬಿಕೆ ಅರ್ಧ ಮಾತ್ರ ನಿಜವೆಂದು ನಮ್ಮ ಅಭಿಪ್ರಾಯ. ಒಳ ಕಾರ್ಡಿನಲ್ಲಿ ದೋಷಗಳಿವೆ. ಆದರೆ ವಿಳಂಬವು ಬಹುಮಟ್ಟಿಗೆ ಅದರ ದೋಷವಲ್ಲ. ಇಂದಿನ ಬಹುಪಾಲು ಒಳ ಕಾರ್ಡುಗಳು ಇಂಟೆಲ್ ಸಂಸ್ಥೆಯು 2004ರಲ್ಲಿ ಹೊರತಂದ ಹೈ ಡೆಫಿನಿಷನ್ ಆಡಿಯೋ ಎಂಬ ಕ್ರಮವನ್ನು ಅನುಸರಿಸುತ್ತವೆ. ಆ ಕ್ರಮವು ಕಾಲದ ದೃಷ್ಟಿಯಿಂದ ಏನೂ ಕಡಮೆಯದಲ್ಲ.

ಹಾಗಾದರೆ ವಿಳಂಬ ಹುಟ್ಟುವುದೆಲ್ಲಿ? ಕಾರ್ಡು ಧ್ವನಿಯ ಅಲೆಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಷ್ಟು ಸಂಖ್ಯೆಗಳನ್ನು, ಎಂದರೆ ಮಾದರಿಗಳನ್ನು, ಕೊಡುತ್ತದೆ. ಯಂತ್ರವು ಒಂದೊಂದು ಮಾದರಿಗೂ ಓಡಿಬರಲಾರದು. ಆದುದರಿಂದ ಅವು ಒಂದು ಪಾತ್ರೆಯಲ್ಲಿ ತುಂಬುತ್ತವೆ. ಪಾತ್ರೆ ತುಂಬಿದ ಮೇಲೆ ಯಂತ್ರವು ಬಂದು ಅದನ್ನು ಒಟ್ಟಿಗೆ ಕೊಂಡೊಯ್ಯುತ್ತದೆ. ಈ ಪಾತ್ರೆಗೆ ಬಫರು ಎಂದು ಹೆಸರು. ಒಳಬರುವಾಗ ಒಂದು, ಹೊರಹೋಗುವಾಗ ಒಂದು, ಹೀಗೆ ಕಡಮೆಯೆಂದರೂ ಎರಡು ಪಾತ್ರೆಗಳ ಕಾಲ ಕಾಯಲೇಬೇಕು. ಪಾತ್ರೆಯೊಂದಕ್ಕೆ 1024 ಮಾದರಿಗಳಾದರೆ ಕಾಯುವ ಕಾಲ ಸುಮಾರು 42.7 ಮಿಲಿಸೆಕೆಂಡು, 256 ಆದರೆ 10.7, 128 ಆದರೆ 5.3, 64 ಆದರೆ 2.7. ಕಾರ್ಡು ಅದೇ, ಬೆಲೆಯೂ ಅದೇ. ಬದಲಾದದ್ದು ಪಾತ್ರೆಯ ಗಾತ್ರವೊಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಎಷ್ಟು ವಿಳಂಬವನ್ನು ಸಹಿಸಬಹುದು? ಗಾಳಿಯಲ್ಲಿ ಧ್ವನಿಯು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರು ಸಾಗುತ್ತದೆ. ವೇದಿಕೆಯಲ್ಲಿ ಮೂರು ಮೀಟರು ದೂರ ಕುಳಿತ ಮೃದಂಗದ ನಾದವು ಗಾಯಕರನ್ನು ಮುಟ್ಟಲು ಹತ್ತಿರ ಹತ್ತಿರ 9 ಮಿಲಿಸೆಕೆಂಡು ಬೇಕು. ಅದರಿಂದ ಯಾರ ತಾಳವೂ ಕೆಟ್ಟಿಲ್ಲ. ಆದರೆ ನಿಮಿಷಕ್ಕೆ 150 ಅಕ್ಷರಗಳ ವೇಗದಲ್ಲಿ ಅಕ್ಷರಕ್ಕೆ ನಾಲ್ಕು ಪೆಟ್ಟು ಬೀಳುವಾಗ ಒಂದು ಪೆಟ್ಟಿನ ಅಂತರ 100 ಮಿಲಿಸೆಕೆಂಡು ಮಾತ್ರ. ಅಲ್ಲಿ 43 ಮಿಲಿಸೆಕೆಂಡಿನ ವಿಳಂಬವು ಪೆಟ್ಟಿನ ಅರ್ಧಕ್ಕೆ ಸಮೀಪ ಬರುತ್ತದೆ. ನುಡಿಸುವವರು ಅದನ್ನು ಸಹಿಸಲಾರರು. ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಒಳಗೆ ಇದ್ದರೆ ನುಡಿಸುವ ಕೆಲಸ ಸಾಗುತ್ತದೆಯೆಂದು ಇಟ್ಟುಕೊಳ್ಳಬಹುದು. ಹಾಡುವವರು ಇನ್ನೂ ಸೂಕ್ಷ್ಮ. ಅವರ ಧ್ವನಿ ತಲೆಯ ಎಲುಬಿನ ಮೂಲಕವೂ ಅವರ ಕಿವಿಗೆ ಮುಟ್ಟುವುದರಿಂದ ಎರಡು ಧ್ವನಿಗಳು ಬೆರೆತು ನಾದದ ಬಣ್ಣವೇ ಬದಲಾಗುತ್ತದೆ.

ಪಾತ್ರೆಯನ್ನು ಚಿಕ್ಕದು ಮಾಡುತ್ತಲೇ ಹೋದರೆ ತೀರಿತಲ್ಲ ಎಂದು ಕೇಳಬಹುದು. ನಿಜವಾದ ಕಷ್ಟವಿರುವುದು ಇಲ್ಲಿಯೇ. 64 ಮಾದರಿಗಳ ಪಾತ್ರೆಯು 1.33 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಯಂತ್ರವು ಅಷ್ಟರೊಳಗೆ ತಪ್ಪದೆ ಬರಬೇಕು, ಸೆಕೆಂಡಿಗೆ 750 ಸಲ ಬರಬೇಕು. ಸಾವಿರ ಸಲ ಸರಿಯಾಗಿ ಬಂದು ಒಂದು ಸಲ ತಡಮಾಡಿದರೂ ಪಾತ್ರೆ ಹೊರಚೆಲ್ಲುತ್ತದೆ ಅಥವಾ ಬರಿದಾಗುತ್ತದೆ. ಧ್ವನಿಯಲ್ಲಿ ಚಟ್ಟೆಂಬ ಒಡಕು ಕೇಳುತ್ತದೆ. ಯಂತ್ರವು ಸರಾಸರಿಯಲ್ಲಿ ಎಷ್ಟು ವೇಗದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಅತ್ಯಂತ ಕೆಟ್ಟ ಗಳಿಗೆಯಲ್ಲಿ ಅದು ಎಷ್ಟು ತಡಮಾಡುತ್ತದೆ ಎಂಬುದೇ ಮುಖ್ಯ. ಹೊಸ ಯಂತ್ರದಲ್ಲಿ ಧ್ವನಿ ಒಡೆದು, ಹಳೆಯ ಯಂತ್ರದಲ್ಲಿ ಒಡೆಯದಿರುವುದಕ್ಕೆ ಇದೇ ಕಾರಣ. ವೈಫೈ ಡ್ರೈವರು ಯಂತ್ರವನ್ನು ಒಂದೆರಡು ಮಿಲಿಸೆಕೆಂಡು ಹಿಡಿದಿಟ್ಟುಕೊಂಡರೆ ಸಾಕು. ವಿದ್ಯುತ್ತನ್ನು ಉಳಿಸಲು ಪ್ರೊಸೆಸರು ನಿದ್ರೆಗೆ ಹೋಗುವುದೂ ಇನ್ನೊಂದು ಸಾಮಾನ್ಯ ಕಾರಣ.

ಈಗ ವ್ಯವಸ್ಥೆಯ ವಿಷಯ. ಎಲ್ಲವನ್ನೂ ಕಣ್ಣಾರೆ ನೋಡಿ ತಿದ್ದಲು ಅವಕಾಶವಿರುವುದರಿಂದ ಲಿನಕ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಕಾರ್ಡನ್ನು ಆಳುವ ಪದರಕ್ಕೆ ಆಲ್ಸಾ ಎಂದು ಹೆಸರು. ಅದರ ಮೇಲೆ ಜಾಕ್ ಅಥವಾ ಪೈಪ್‌ವೈರ್ ಎಂಬ ವ್ಯವಸ್ಥೆ ನಿಂತು ಪಾತ್ರೆಗಳನ್ನು ಹಂಚುತ್ತದೆ. ಮೊದಲು ಕಾರ್ಡನ್ನು ಅದರ ಅಂಕೆಯಿಂದಲ್ಲದೆ ಹೆಸರಿನಿಂದ ಆರಿಸಬೇಕು. ಪರದೆಗೆ ಹೋಗುವ ಎಚ್‌ಡಿಎಂಐ ಕೊಂಡಿಯೂ ಒಂದು ಕಾರ್ಡೆಂದೇ ಎಣಿಕೆಯಾಗುವುದರಿಂದ ಸೊನ್ನೆಯ ಅಂಕೆಯ ಕಾರ್ಡು ಇವೊತ್ತು ಒಂದು, ನಾಳೆ ಇನ್ನೊಂದು ಆಗಬಹುದು. ಮಾದರಿಯ ವೇಗವನ್ನು 48,000ಕ್ಕೆ ಇಡುವುದು ಲೇಸು. ಈ ಕಾರ್ಡುಗಳ ಒಳಕೊಂಡಿಯೇ ಆ ಲಯದಲ್ಲಿ ನಡೆಯುತ್ತದೆ. ಬಳಿಕ ಧ್ವನಿಯ ಕೆಲಸಕ್ಕೆ ಇತರ ಎಲ್ಲ ಕೆಲಸಗಳಿಗಿಂತ ಮುಂದೆ ನಿಲ್ಲುವ ಅಧಿಕಾರವನ್ನೂ, ಅದರ ಸ್ಮೃತಿಯನ್ನು ಡಿಸ್ಕಿಗೆ ಸಾಗಿಸಕೂಡದೆಂಬ ಕಟ್ಟನ್ನೂ ಕೊಡಬೇಕು. ಪ್ರೊಸೆಸರನ್ನು ಪೂರ್ಣವೇಗದ ಸ್ಥಿತಿಯಲ್ಲಿ ನಿಲ್ಲಿಸಬೇಕು. ಕಾರ್ಡಿನ ಡ್ರೈವರಿನಲ್ಲಿಯೂ ವಿದ್ಯುತ್ ಉಳಿಸುವ ಏರ್ಪಾಡೊಂದಿದೆ. ಸ್ವಲ್ಪ ಹೊತ್ತು ಧ್ವನಿ ಇಲ್ಲದಿದ್ದರೆ ಅದು ಕಾರ್ಡನ್ನು ಮಲಗಿಸಿ, ಮತ್ತೆ ಎಬ್ಬಿಸುವಾಗ ಟಪ್ಪೆನ್ನಿಸುತ್ತದೆ. ಅದನ್ನು ಸೊನ್ನೆಗೆ ಇಳಿಸಿಬಿಡುವುದು ಒಳ್ಳೆಯದು. ಪೈಪ್‌ವೈರಿನ ಮೂಲ ಅಳತೆ 1024. ಅದನ್ನು 256ಕ್ಕೆ, ಆಮೇಲೆ 128ಕ್ಕೆ ಇಳಿಸಿ, ಪ್ರತಿ ಸಲವೂ ಅರ್ಧ ಗಂಟೆ ನಿಜವಾದ ಕೆಲಸವನ್ನು ಮಾಡಿ, ಒಡಕುಗಳ ಲೆಕ್ಕವನ್ನು ನೋಡಬೇಕು. ಒಂದೂ ಒಡಕಿಲ್ಲದ ಅತಿ ಚಿಕ್ಕ ಅಳತೆಯೇ ಆ ಯಂತ್ರದ ಅಳತೆ. ಮಿತ್ರರ ಯಂತ್ರದಲ್ಲಿ 32 ನಡೆಯಿತೆಂಬ ಮಾತಿಗೆ ಬೆಲೆಯಿಲ್ಲ.

ಕಾಲದ ಕಟ್ಟುಪಾಡನ್ನು ಬಿಗಿಮಾಡುವ ತಿದ್ದುಪಡಿಗಳು ಸುಮಾರು ಇಪ್ಪತ್ತು ವರ್ಷ ಲಿನಕ್ಸ್ ಕರ್ನೆಲಿನ ಹೊರಗೇ ಬೆಳೆದು 2024ರಲ್ಲಿ, 6.12ನೆಯ ಆವೃತ್ತಿಯೊಡನೆ, ಅದರೊಳಗೆ ಸೇರಿದವು. ಆದರೆ 128ರ ಅಳತೆಗೆ ಸಾಧಾರಣ ಕರ್ನೆಲೇ ಎಷ್ಟೋ ಯಂತ್ರಗಳಲ್ಲಿ ಸಾಕಾಗುತ್ತದೆ.

ವಿಂಡೋಸಿನಲ್ಲಿ ಕೆಲಸಮಾಡುವವರಿಗೆ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಅಸಿಯೋ ಎಂಬ ಮಾರ್ಗವಿದೆ. ಒಳ ಕಾರ್ಡುಗಳಿಗೆ ತಯಾರಕರು ಅಸಿಯೋ ಡ್ರೈವರನ್ನು ಕೊಡುವುದು ಅಪೂರ್ವವಾದುದರಿಂದ ಅಸಿಯೋ4ಆಲ್ ಎಂಬ ಉಚಿತ ಸೇತುವೆಯನ್ನು ಬಳಸುವುದು ರೂಢಿ.

ತೆರೆಯ ಮೇಲೆ ಕಾಣುವ ವಿಳಂಬದ ಸಂಖ್ಯೆಯನ್ನು ಪೂರ್ತಿಯಾಗಿ ನಂಬತಕ್ಕದ್ದಲ್ಲ. ಅದು ಪಾತ್ರೆಗಳ ಲೆಕ್ಕ ಮಾತ್ರ. ಅಲೆಯನ್ನು ಸಂಖ್ಯೆಯಾಗಿಯೂ ಸಂಖ್ಯೆಯನ್ನು ಅಲೆಯಾಗಿಯೂ ಮಾಡುವ ಚಿಪ್ಪಿನ ಶೋಧಕಗಳು ತಾವೂ ಸ್ವಲ್ಪ ಕಾಲವನ್ನು ತೆಗೆದುಕೊಳ್ಳುತ್ತವೆ. ಅಳೆಯುವ ಉಪಾಯ ಸರಳ. ಧ್ವನಿ ಹೊರಡುವ ಕಿಂಡಿಯಿಂದ ಒಳಹೋಗುವ ಕಿಂಡಿಗೆ ಒಂದು ತಂತಿಯನ್ನು ಹಾಕಿ, ಗುರುತಿನ ನಾದವನ್ನು ಕಳುಹಿಸಿ, ಅದು ಎಷ್ಟು ಮಾದರಿಗಳ ಮೇಲೆ ಮರಳಿತೆಂದು ಎಣಿಸುವುದು. ಮೊದಲೇ ಮುದ್ರಿಸಿದ ತಂಬೂರಿಯನ್ನು ಕೇಳುತ್ತ ಅದರ ಮೇಲೆ ಹಾಡನ್ನು ಮುದ್ರಿಸಿದಾಗ ಹಾಡು ಇಷ್ಟೇ ಮಾದರಿಗಳಷ್ಟು ಹಿಂದೆ ಬಿದ್ದಿರುತ್ತದೆ. 480 ಎಂದು ಅಳತೆ ಬಂದರೆ 10 ಮಿಲಿಸೆಕೆಂಡು. ಆರ್ಡರ್, ಆಡಾಸಿಟಿ ಮೊದಲಾದ ತಂತ್ರಾಂಶಗಳಿಗೆ ಈ ಅಳತೆಯನ್ನು ಹೇಳಿಕೊಟ್ಟರೆ ಅವು ತಾವೇ ಸರಿಹೊಂದಿಸುತ್ತವೆ. ನಾದವನ್ನು ಕೇಳಿಸಿ ಎಷ್ಟು ಹೊತ್ತಿಗೆ ಉತ್ತರ ಬಂತೆಂದು ಅಳೆಯುವ ಪ್ರಯೋಗಗಳಲ್ಲಿಯಂತೂ ಇದನ್ನು ಅಳೆಯದೆ ಬಿಟ್ಟರೆ ಯಂತ್ರದ ವಿಳಂಬವು ಮನುಷ್ಯನ ಲೆಕ್ಕಕ್ಕೆ ಸೇರಿಹೋಗುತ್ತದೆ.

ಒಳ ಕಾರ್ಡಿನ ನಿಜವಾದ ಕೊರತೆಗಳು ಬೇರೆ ಕಡೆ ಇವೆ. ಮೈಕಿನ ಕ್ಷೀಣವಾದ ಸಂಕೇತವು ಪ್ರೊಸೆಸರಿನ ನೆರೆಯಲ್ಲಿಯೇ ಹಾದುಬರುವುದರಿಂದ ಗದ್ದಲವನ್ನು ಹೊತ್ತು ತರುತ್ತದೆ. ಯಾವ ವ್ಯವಸ್ಥೆಯಿಂದಲೂ ಇದು ಹೋಗುವುದಿಲ್ಲ. ಲ್ಯಾಪ್‌ಟಾಪುಗಳ ಒಂದೇ ಕಿಂಡಿಯಲ್ಲಿ ಮೈಕಿಗೆ ಒಂದೇ ಹಾದಿಯಿರುತ್ತದೆ. ಎರಡು ಮೈಕುಗಳ ಮುದ್ರಣ ಅಲ್ಲಿ ಅಸಾಧ್ಯ. ಗದ್ದಲವನ್ನು ತಪ್ಪಿಸಲು ಯುಎಸ್‌ಬಿ ಮೈಕನ್ನು ಕೊಂಡು, ಕೇಳುವುದನ್ನು ಮಾತ್ರ ಒಳ ಕಾರ್ಡಿನಲ್ಲಿ ಇಟ್ಟುಕೊಳ್ಳುವವರು ಇನ್ನೊಂದು ತೊಡಕಿಗೆ ಸಿಕ್ಕುತ್ತಾರೆ. ಎರಡು ಉಪಕರಣಗಳ ಗಡಿಯಾರಗಳು ಎಂದೂ ಒಂದಾಗಿರುವುದಿಲ್ಲ. ಅವುಗಳಲ್ಲಿ ಹತ್ತು ಲಕ್ಷಕ್ಕೆ 50 ಪಾಲಿನ ವ್ಯತ್ಯಾಸವಿದ್ದರೆ ಒಂದು ಗಂಟೆಯ ಕಚೇರಿಯಲ್ಲಿ 180 ಮಿಲಿಸೆಕೆಂಡು ಸರಿದಿರುತ್ತದೆ. ಪೈಪ್‌ವೈರ್ ಇದನ್ನು ಆಗಾಗ ತಿದ್ದುತ್ತದೆಯಾದರೂ ಆ ತಿದ್ದುಪಡಿಗೆ ಹೆಚ್ಚಿನ ಪಾತ್ರೆ ಬೇಕಾಗಿ, ಕಷ್ಟಪಟ್ಟು ಇಳಿಸಿದ ವಿಳಂಬವು ಮತ್ತೆ ಏರುತ್ತದೆ. ಅಂಥವರು ಕೇಳುವ ಕಿಂಡಿಯೂ ಕೂಡಿರುವ ಯುಎಸ್‌ಬಿ ಮೈಕನ್ನು ಆರಿಸಿ, ಎರಡು ಕೆಲಸಗಳನ್ನೂ ಒಂದೇ ಗಡಿಯಾರಕ್ಕೆ ಒಪ್ಪಿಸುವುದು ಮೇಲು.