ಲೆಕ್ಕಕ್ಕೆ ಸೇರದ ಮೂರನೆಯ ನಕ್ಷತ್ರ

ರಾಜಹಂಸ ತಾರಾಪುಂಜದಲ್ಲಿ, ನಮ್ಮಿಂದ ಸುಮಾರು 8,000 ಜ್ಯೋತಿರ್ವರ್ಷ ದೂರದಲ್ಲಿರುವ ವಿ404 ಸಿಗ್ನಿ ಖಗೋಳಜ್ಞರಿಗೆ ಹಳೆಯ ಪರಿಚಯ. 1938ರಲ್ಲಿ ಅದು ಇದ್ದಕ್ಕಿದ್ದಂತೆ ಬೆಳಗಿದಾಗ ನೋವಾ ಎಂದು ದಾಖಲಾಯಿತು. 1989ರ ಮೇ ತಿಂಗಳಲ್ಲಿ ಜಪಾನಿನ ಗಿಂಗಾ ಉಪಗ್ರಹ ಅದೇ ಜಾಗದಿಂದ ಹೊಮ್ಮಿದ ಪ್ರಬಲ ಕ್ಷ-ಕಿರಣಗಳನ್ನು ಗುರುತಿಸಿತು. 1992ರಲ್ಲಿ ಹೋರ್ಹೆ ಕಸಾರೆಸ್ ಮತ್ತು ಸಂಗಡಿಗರು ಅಲ್ಲಿನ ಪುಟ್ಟ ನಕ್ಷತ್ರವೊಂದು ಕಾಣದ ಕಾಯವೊಂದರ ಜೊತೆಯಾಗಿ 6.5 ದಿನಕ್ಕೊಂದು ಸುತ್ತು ಹಾಕುತ್ತಿರುವುದನ್ನು ತೋರಿಸಿದರು. ಆ ಕಾಯದ ರಾಶಿ ಸೂರ್ಯನ ಆರು ಪಟ್ಟಿಗಿಂತ ಕಡಿಮೆ ಇರಲು ಸಾಧ್ಯವಿರಲಿಲ್ಲ. ನ್ಯೂಟ್ರಾನ್ ನಕ್ಷತ್ರ ಅಷ್ಟು ಭಾರವಿರಲಾರದು. ಅದು ಕಪ್ಪುಕುಳಿಯೇ ಎಂದು ಜಗತ್ತು ಒಪ್ಪಿತು. ಇಂದಿನ ಲೆಕ್ಕದಲ್ಲಿ ಅದರ ರಾಶಿ ಸೂರ್ಯನ ಸುಮಾರು ಒಂಬತ್ತು ಪಟ್ಟು.

ಈ ಜೋಡಿಯನ್ನು ಅಳೆಯುವವರಿಗೆಲ್ಲ ಒಂದು ತೊಡಕಿತ್ತು. ಕೇವಲ 1.4 ಆರ್ಕ್‌ಸೆಕೆಂಡ್ ಪಕ್ಕದಲ್ಲಿ ಇನ್ನೊಂದು ನಕ್ಷತ್ರ. ಅದರ ಬೆಳಕು ಇದರೊಳಗೆ ಬೆರೆಯುತ್ತಿದ್ದುದರಿಂದ ಆ ಪಾಲನ್ನು ಕಳೆದು ಲೆಕ್ಕ ಮಾಡುತ್ತಿದ್ದರು. ಮೂರು ದಶಕಗಳ ಕಾಲ ಅದು ಕಳೆಯಬೇಕಾದ ಅಂಕಿಯಾಗಿಯೇ ಉಳಿಯಿತು.

ಎಂಐಟಿಯ ಯುವ ಸಂಶೋಧಕ ಕೆವಿನ್ ಬರ್ಜ್ ಯಾವ ಗುರಿಯೂ ಇಲ್ಲದೆ, ಬರೀ ಕುತೂಹಲದಿಂದ ಅಲಾದಿನ್ ಲೈಟ್ ಎಂಬ ಮುಕ್ತ ಆಕಾಶ ಸಂಗ್ರಹದಲ್ಲಿ ಗೊತ್ತಿರುವ ಕಪ್ಪುಕುಳಿಗಳ ಚಿತ್ರಗಳನ್ನು ತಿರುವಿಹಾಕುತ್ತಿದ್ದರು. ವಿ404 ಸಿಗ್ನಿಯ ಚಿತ್ರದಲ್ಲಿ ಅಂಟಿಕೊಂಡಂತೆ ಎರಡು ಬೆಳಕಿನ ಚುಕ್ಕೆಗಳು ಕಂಡವು. ಒಂದು, ಗೊತ್ತಿದ್ದ ಜೋಡಿ. ಇನ್ನೊಂದು?

ಉತ್ತರ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗಾಯಾ ದೂರದರ್ಶಕದ ದತ್ತಾಂಶದಲ್ಲಿತ್ತು. ಜಾತ್ರೆಯಲ್ಲಿ ಅಕ್ಕಪಕ್ಕ ಕಂಡವರೆಲ್ಲ ಒಂದೇ ಮನೆಯವರಲ್ಲ. ಆದರೆ ಗುಂಪು ಎತ್ತ ಸರಿದರೂ ಇಬ್ಬರು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಅವರು ಜೊತೆಯಲ್ಲಿ ಬಂದವರೇ. ಈ ಎರಡು ಚುಕ್ಕೆಗಳ ಚಲನೆಯೂ ಹಾಗೆಯೇ ಹೊಂದಿಕೊಂಡಿತು. ಅದು ಕಾಕತಾಳೀಯವಾಗಿರುವ ಸಂಭವ ಕೋಟಿಗೆ ಒಂದರಷ್ಟು. ಬರ್ಜ್, ಕರೀಂ ಎಲ್-ಬಾದ್ರಿ ಮತ್ತು ಸಂಗಡಿಗರ ಪ್ರಬಂಧ 2024ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಇಂಥ ಸುದ್ದಿಗೆ ಎಚ್ಚರ ಬೇಕಿತ್ತು. 2020ರಲ್ಲಿ ಎಚ್‌ಆರ್ 6819ರಲ್ಲಿಯೂ ಎರಡು ನಕ್ಷತ್ರಗಳ ಜೊತೆ ಒಂದು ಕಪ್ಪುಕುಳಿ ಇದೆ ಎಂದು ಘೋಷಿಸಲಾಗಿತ್ತು. 2022ರಲ್ಲಿ ಸೂಕ್ಷ್ಮವಾಗಿ ನೋಡಿದಾಗ ಅಲ್ಲಿ ಕಪ್ಪುಕುಳಿಯೇ ಇರಲಿಲ್ಲ. ಇಲ್ಲಿ ಪರಿಸ್ಥಿತಿ ಬೇರೆ. ಕಪ್ಪುಕುಳಿ ಮೊದಲೇ ಸಾಬೀತಾಗಿತ್ತು; ನಂಟಸ್ತಿಕೆ ಮಾತ್ರ ಹೊಸದು.

ಆ ನಂಟು ಬಹಳ ಸಡಿಲ. ಮೂರನೆಯ ನಕ್ಷತ್ರ ಇರುವುದು ಭೂಮಿ–ಸೂರ್ಯರ ಅಂತರದ 3,500 ಪಟ್ಟು ದೂರದಲ್ಲಿ; ಒಂದು ಸುತ್ತಿಗೆ ಸುಮಾರು 70,000 ವರ್ಷ ಬೇಕು. ಈ ಶೋಧದ ಬೆಲೆ ಇರುವುದೇ ಅಲ್ಲಿ. ದೈತ್ಯ ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿದು ಕಪ್ಪುಕುಳಿಯಾದರೆ, ಆ ಸಿಡಿತ ಅದನ್ನು ಒಂದು ಕಡೆಗೆ ಒದೆಯಬಹುದು. ಸೆಕೆಂಡಿಗೆ ಸುಮಾರು ಐದು ಕಿಲೋಮೀಟರ್‌ಗಿಂತ ಜೋರಾದ ಒದೆತ ಬಿದ್ದಿದ್ದರೂ ಈ ದೂರದ ಸಂಗಾತಿ ಕೈತಪ್ಪಿ ಹೋಗಿರುತ್ತಿತ್ತು. ಅದು ಇನ್ನೂ ಜೊತೆಗಿದೆ. ಅಂದರೆ ಆ ದೈತ್ಯ ಹೆಚ್ಚುಕಡಿಮೆ ಸಿಡಿಯದೆಯೇ ತನ್ನೊಳಗೆ ಕುಸಿದಿರಬೇಕು. ಕೆಲವು ಕಪ್ಪುಕುಳಿಗಳು ಹೀಗೆ ಸದ್ದಿಲ್ಲದೆ ಹುಟ್ಟುತ್ತವೆ ಎಂಬ ಊಹೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಸಿಗುವುದು ಅಪರೂಪ.

ಇನ್ನೊಂದು ಲಾಭವೂ ಆಯಿತು. ಮೂರನೆಯ ನಕ್ಷತ್ರ ಈಗ ಕೆಂಪು ದೈತ್ಯವಾಗುವ ದಾರಿ ಹಿಡಿದಿದೆ. ಆ ಹಂತದಿಂದ ಅದರ ವಯಸ್ಸು ಸುಮಾರು 400 ಕೋಟಿ ವರ್ಷ ಎಂದು ತಿಳಿಯಿತು. ಒಟ್ಟಿಗೆ ಹುಟ್ಟಿದ ಬಳಗವಾದ್ದರಿಂದ ಕಪ್ಪುಕುಳಿಯಾದ ನಕ್ಷತ್ರ ಹುಟ್ಟಿದ್ದೂ ಆಗಲೇ.

ಕಪ್ಪುಕುಳಿಯೂ ಪುಟ್ಟ ನಕ್ಷತ್ರವೂ ಇಷ್ಟು ಹತ್ತಿರ ಬಂದದ್ದು ಹೇಗೆ ಎಂಬುದು ಹಳೆಯ ಒಗಟು. ದೂರದ ಮೂರನೆಯದರ ಸೆಳೆತ ಒಳಗಿನ ಕಕ್ಷೆಯನ್ನು ನಿಧಾನವಾಗಿ ನೀಳವಾದ ದೀರ್ಘವೃತ್ತವಾಗಿಸಿ, ಎರಡನ್ನೂ ಹತ್ತಿರ ತಂದಿರಬಹುದು. ಹಾಗಿದ್ದರೆ ಜೋಡಿ ಎಂದು ನಾವು ಬರೆದಿಟ್ಟುಕೊಂಡ ಇತರ ಕಪ್ಪುಕುಳಿಗಳ ಸುತ್ತಲೂ ಮೂರನೆಯದನ್ನು ಹುಡುಕಬೇಕು. ಅದಕ್ಕೆ ಬೇಕಾದ ದತ್ತಾಂಶದಲ್ಲಿ ಬಹುಪಾಲು ಈಗಾಗಲೇ ಎಲ್ಲರಿಗೂ ತೆರೆದಿದೆ. ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಕೂತ ವಿದ್ಯಾರ್ಥಿಯೂ ಇಂದೇ ಹುಡುಕಾಟ ಶುರುಮಾಡಬಹುದು.