ಸೆಲ್ಯುಲೈಟ್ ಮತ್ತು ಸೆಲ್ಯುಲೈಟಿಸ್: ಒಂದಕ್ಕೆ ಆತುರ ಬೇಡ, ಇನ್ನೊಂದಕ್ಕೆ ತಡ ಬೇಡ

ನಾಸಿಕದ ಸಾತಪೂರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾ ಈ ಕಡೆಗಳ ಕಾರಖಾನೆಗಳಲ್ಲಿ ದುಡಿಯುವ ನಮ್ಮವರೂ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವ ನಮ್ಮವರೂ ಪಗಾರದ ದಿನ ಮೊದಲು ಹಾಕುವ ಲೆಕ್ಕ ಮೂರು: ಮನೆಬಾಡಿಗೆ, ಊರಿಗೆ ಕಳಿಸುವ ಹಣ, ಮಕ್ಕಳ ಶಾಲೆಯ ಶುಲ್ಕ. ಈ ಲೆಕ್ಕದೊಳಗೆ ಹೊಸದೊಂದು ಖರ್ಚು ಮೆಲ್ಲನೆ ಕಾಲಿಡುತ್ತಿದೆ. ತೊಡೆಯ ಮೇಲಿನ ಕುಳಿಗಳನ್ನು ಕೆಲವೇ ವಾರಗಳಲ್ಲಿ ಮಾಯ ಮಾಡುವುದಾಗಿ ಹೇಳುವ ಜಾಹೀರಾತುಗಳು ಫೋನಿನಲ್ಲಿ ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಶಬ್ದ ಸೆಲ್ಯುಲೈಟ್. ಅದನ್ನು ರೋಗವೆಂದು ತಿಳಿದು ನಾಚಿ ಕೊರಗುವ ಹೆಣ್ಣುಮಕ್ಕಳಿದ್ದಾರೆ. ಸಾಲ ಮಾಡಿ ಚಿಕಿತ್ಸೆಗೆ ಹೊರಡುವವರೂ ಇದ್ದಾರೆ. ಇದೇ ಧ್ವನಿಯ ಇನ್ನೊಂದು ಹೆಸರು ಸೆಲ್ಯುಲೈಟಿಸ್. ಅದು ನಿಜವಾದ ರೋಗ, ಪ್ರಾಣಕ್ಕೂ ಸಂಚಕಾರ ತರಬಲ್ಲದು. ಎರಡರ ಭೇದವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸೆಲ್ಯುಲೈಟ್ ಎಂದರೇನು?

ತೊಡೆ, ಪೃಷ್ಠ, ಕೆಲವೊಮ್ಮೆ ಹೊಟ್ಟೆಯ ಮೇಲಿನ ಚರ್ಮವು ನುಣುಪಾಗಿರದೆ ತಗ್ಗುದಿನ್ನೆಯಾಗಿ ಕಾಣುವುದಕ್ಕೆ ಸೆಲ್ಯುಲೈಟ್ ಎನ್ನುತ್ತಾರೆ. ಕಿತ್ತಳೆಯ ಸಿಪ್ಪೆಗೆ ಇದನ್ನು ಹೋಲಿಸುವುದು ರೂಢಿ. ನಮ್ಮ ಕಡೆಯವರಿಗೆ ಕೌದಿಯ ಹೋಲಿಕೆ ಇನ್ನೂ ಚೆನ್ನಾಗಿ ತಿಳಿದೀತು. ಕೌದಿಯಲ್ಲಿ ಹೊಲಿಗೆ ಹಾದುಹೋದಲ್ಲಿ ಬಟ್ಟೆ ಒಳಕ್ಕೆ ಜಗ್ಗಿರುತ್ತದೆ. ಎರಡು ಹೊಲಿಗೆಗಳ ನಡುವೆ ಉಬ್ಬಿರುತ್ತದೆ. ಚರ್ಮದ ಕೆಳಗೂ ಇಂಥದೇ ಏರ್ಪಾಡು. ಚರ್ಮದಿಂದ ಒಳಗಿನ ಪದರದವರೆಗೆ ಗಟ್ಟಿಯಾದ ನಾರೆಳೆಗಳು ಇಳಿದಿರುತ್ತವೆ, ಅವುಗಳ ನಡುವಿನ ಕೋಣೆಗಳಲ್ಲಿ ಕೊಬ್ಬು ತುಂಬಿರುತ್ತದೆ. ನಾರು ಚರ್ಮವನ್ನು ಕೆಳಕ್ಕೆ ಎಳೆಯುತ್ತದೆ, ಕೊಬ್ಬು ಮೇಲಕ್ಕೆ ಒತ್ತುತ್ತದೆ. ಹೀಗೆ ಕುಳಿಗಳು ಕಾಣುತ್ತವೆ.

ಇದು ಗಂಡಸರಲ್ಲಿ ವಿರಳ, ಹೆಂಗಸರಲ್ಲಿ ಸಾಮಾನ್ಯ. ೧೯೭೮ರಲ್ಲಿ ನ್ಯೂರ್ನ್‌ಬರ್ಗರ್ ಮತ್ತು ಮ್ಯುಲ್ಲರ್ ಎಂಬ ಇಬ್ಬರು ಜರ್ಮನ್ ವೈದ್ಯರು ಇದಕ್ಕೆ ಕಾರಣವನ್ನು ವಿವರಿಸಿದರು. ಹೆಂಗಸರಲ್ಲಿ ಈ ನಾರೆಳೆಗಳು ಬಹುಮಟ್ಟಿಗೆ ನೆಟ್ಟಗೆ ಇಳಿದಿರುತ್ತವೆ. ಗಂಡಸರಲ್ಲಿ ಅವು ಬಲೆಯಂತೆ ಅಡ್ಡಡ್ಡ ಹೆಣೆದುಕೊಂಡು ಕೊಬ್ಬನ್ನು ಹಿಡಿದಿಡುತ್ತವೆ. ಹೆಂಗಸರ ಚರ್ಮವು ತೆಳುವಾಗಿರುವುದೂ ಸ್ತ್ರೀ ಹಾರ್ಮೋನುಗಳೂ ಇದಕ್ಕೆ ಸೇರುತ್ತವೆ. ಆ ವೈದ್ಯರು ತಮ್ಮ ಲೇಖನದ ತಲೆಬರಹದಲ್ಲಿಯೇ ಇದನ್ನು ಕಟ್ಟಿದ ರೋಗವೆಂದು ಕರೆದರು. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ನೂರಕ್ಕೆ ೮೦ರಿಂದ ೯೦ ಮಂದಿಯಲ್ಲಿ ಇದು ಸ್ವಲ್ಪವಾದರೂ ಇರುತ್ತದೆಂದು ವೈದ್ಯರ ಅಂದಾಜು. ತೆಳ್ಳಗಿರುವವರಲ್ಲಿಯೂ ಇದು ಉಂಟು. ಇದರಿಂದ ನೋವಿಲ್ಲ, ಜ್ವರವಿಲ್ಲ, ಇದು ಯಾರಿಗೂ ಅಂಟುವುದಿಲ್ಲ. ಇದನ್ನು ರೋಗವೆನ್ನುವುದಕ್ಕಿಂತ ಹೆಣ್ಣಿನ ದೇಹದ ಸಾಮಾನ್ಯ ಲಕ್ಷಣವೆನ್ನುವುದೇ ಸರಿ.

ಹಾಗಾದರೆ ಇಷ್ಟೊಂದು ಗದ್ದಲ ಏಕೆ? ಈ ಹೆಸರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ. ಅಮೇರಿಕದ ವೋಗ್ ಎಂಬ ಫ್ಯಾಶನ್ ಪತ್ರಿಕೆ ೧೯೬೮ರಲ್ಲಿ ಇದನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು. ೧೯೭೩ರಲ್ಲಿ ನ್ಯೂಯಾರ್ಕಿನಲ್ಲಿ ಸೌಂದರ್ಯಾಲಯ ನಡೆಸುತ್ತಿದ್ದ ನಿಕೋಲ್ ರೊನ್ಸಾರ್ಡ್ ಎಂಬವರ ಪುಸ್ತಕ ಬಂದ ಮೇಲೆ ಈ ಶಬ್ದ ಮನೆಮಾತಾಯಿತು. ಹೆಂಗಸರು ಕುಳಿಗಳನ್ನು ಹಿಂದೆಯೂ ಕಂಡಿದ್ದರು. ಅವನ್ನು ನಾಚಿಕೆಯ ವಿಷಯವಾಗಿ ಕಾಣಲು ಕಲಿಸಿದವರು ಆಮೇಲೆ ಬಂದರು. ಹೆಸರು ಬಂತು, ಅದರ ಬೆನ್ನಿಗೆ ಮಾರಾಟವೂ ಬಂತು.

ಇರುವ ಚಿಕಿತ್ಸೆಗಳು

ಸೆಲ್ಯುಲೈಟ್ ನಿರಪಾಯವಾದರೂ ಅದು ಮನಸ್ಸಿಗೆ ಕೊರೆಯುವುದಿದ್ದರೆ ಚಿಕಿತ್ಸೆ ಬಯಸುವುದು ತಪ್ಪಲ್ಲ. ಆದರೆ ಯಾವುದರಿಂದ ಎಷ್ಟು ಫಲ ಎಂಬುದನ್ನು ತಿಳಿದು ಮುಂದುವರಿಯಬೇಕು. ಈವರೆಗೆ ಇದನ್ನು ಸಂಪೂರ್ಣವಾಗಿ, ಶಾಶ್ವತವಾಗಿ ಹೋಗಲಾಡಿಸುವ ಔಷಧವಾಗಲಿ ಯಂತ್ರವಾಗಲಿ ಇಲ್ಲ.

ಮುಲಾಮುಗಳು: ಕಾಫಿಯಲ್ಲಿರುವ ಕೆಫೀನ್ ಸೇರಿಸಿದ ಮುಲಾಮುಗಳು ಚರ್ಮವನ್ನು ಸ್ವಲ್ಪ ಬಿಗಿಯಾಗಿ ಕಾಣಿಸುತ್ತವೆ, ಹಚ್ಚುವುದನ್ನು ನಿಲ್ಲಿಸಿದರೆ ಚರ್ಮ ಮೊದಲಿನಂತೆಯೇ ಆಗುತ್ತದೆ. ರೆಟಿನಾಲ್ ಇರುವ ಮುಲಾಮು ಚರ್ಮವನ್ನು ತುಸು ದಪ್ಪ ಮಾಡುತ್ತದೆ, ಆದರೆ ಫಲ ಕಾಣಲು ಆರು ತಿಂಗಳು ಅಥವಾ ಹೆಚ್ಚು ಕಾಲ ಬೇಕು. ಗರ್ಭಿಣಿಯರು ಇದನ್ನು ಹಚ್ಚಬಾರದು.

ಅಂಗಮರ್ದನ: ಕೈಯಿಂದಾಗಲಿ ಯಂತ್ರದಿಂದಾಗಲಿ ತಿಕ್ಕಿಸಿಕೊಂಡರೆ ಕೆಲಕಾಲ ಊತ ಇಳಿದು ಚರ್ಮ ನುಣುಪಾಗಿ ತೋರುತ್ತದೆ. ಒಳಗಿನ ನಾರು ಹಾಗೆಯೇ ಇರುವುದರಿಂದ ಕುಳಿಗಳು ಮರಳುತ್ತವೆ.

ಕಿರಣ ಮತ್ತು ತರಂಗ ಯಂತ್ರಗಳು: ಲೇಸರ್, ರೇಡಿಯೋ ತರಂಗ, ಧ್ವನಿ ತರಂಗಗಳಿಂದ ಚರ್ಮದ ಕೆಳಪದರವನ್ನು ಬಿಸಿ ಮಾಡುವ ಅಥವಾ ಅದುರಿಸುವ ವಿಧಾನಗಳಿವೆ. ಹಲವು ಸಲ ಹೋಗಬೇಕಾಗುತ್ತದೆ, ಪ್ರತಿ ಸಲವೂ ಹಣ ತೆರಬೇಕಾಗುತ್ತದೆ. ಕೆಲವರಲ್ಲಿ ಕೆಲವು ತಿಂಗಳು ಸುಧಾರಣೆ ಕಾಣುತ್ತದೆ. ಪಳಗದವರ ಕೈಯಲ್ಲಿ ಚರ್ಮ ಸುಡುವ ಭಯ ಉಂಟು. ನಮ್ಮಂಥ ಗೋಧಿಬಣ್ಣದ, ಕಪ್ಪುಬಣ್ಣದ ಚರ್ಮದ ಮೇಲೆ ಸುಟ್ಟ ಕಲೆ ಬಹುಕಾಲ ಉಳಿಯುವುದರಿಂದ ಹೆಚ್ಚು ಎಚ್ಚರ ಬೇಕು.

ನಾರು ಕತ್ತರಿಸುವುದು: ಆ ಭಾಗಕ್ಕೆ ಮರಗಟ್ಟುವ ಮದ್ದು ಕೊಟ್ಟು, ಕುಳಿಯ ಕೆಳಗೆ ಸೂಜಿ ಅಥವಾ ಸಣ್ಣ ಅಲಗನ್ನು ತೂರಿಸಿ, ಎಳೆದು ಹಿಡಿದ ನಾರನ್ನು ವೈದ್ಯರು ಕೊಯ್ಯುತ್ತಾರೆ. ಕೌದಿಯ ಹೊಲಿಗೆ ಬಿಚ್ಚಿದಂತೆ ಇದು. ಆಳವಾದ ಕುಳಿಗಳಿಗೆ ಇದ್ದುದರಲ್ಲಿ ಹೆಚ್ಚು ಕಾಲ ನಿಲ್ಲುವ ಉಪಾಯ ಇದೇ. ಎರಡು ವರ್ಷಕ್ಕೂ ಮಿಕ್ಕಿ ಫಲ ನಿಂತದ್ದುಂಟು. ಆದರೆ ಇದು ಶಸ್ತ್ರಕ್ರಿಯೆ. ನೋವು, ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು ಇದ್ದದ್ದೇ. ಇದನ್ನು ವೈದ್ಯರಲ್ಲದವರು ಮಾಡತಕ್ಕದ್ದಲ್ಲ.

ಚುಚ್ಚುಮದ್ದು: ನಾರನ್ನು ಕರಗಿಸುವ ಕ್ವೋ ಎಂಬ ಚುಚ್ಚುಮದ್ದಿಗೆ ಅಮೇರಿಕದ ಸರಕಾರವು ೨೦೨೦ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಚರ್ಮ ನೀಲಿಗಟ್ಟುವುದು, ಬಣ್ಣ ಬದಲಾಗಿ ಬಹುದಿನ ಉಳಿಯುವುದು ಕಂಡುಬಂದು, ೨೦೨೨ರ ಡಿಸೆಂಬರಿನಲ್ಲಿ ಕಂಪನಿಯೇ ಅದರ ಮಾರಾಟ ನಿಲ್ಲಿಸುವುದಾಗಿ ಸಾರಿತು. ಹೊಸದೆಂಬ ಮಾತ್ರಕ್ಕೆ ಒಳ್ಳೆಯದೆಂದು ನಂಬಬಾರದೆಂಬುದಕ್ಕೆ ಇದೊಂದು ನಿದರ್ಶನ.

ಕೊಬ್ಬು ಹೀರುವ ಶಸ್ತ್ರಕ್ರಿಯೆ: ಇದು ಸೆಲ್ಯುಲೈಟಿಗೆ ಮದ್ದಲ್ಲ, ಕುಳಿಗಳು ಇನ್ನಷ್ಟು ಎದ್ದು ಕಾಣುವುದೂ ಉಂಟು.

ಇನ್ನು ಖರ್ಚಿಲ್ಲದ ದಾರಿ. ನಡಿಗೆ, ಬಸಿಗೆ, ಮೆಟ್ಟಿಲು ಹತ್ತುವುದು ಇವುಗಳಿಂದ ತೊಡೆಯ ಸ್ನಾಯು ಗಟ್ಟಿಯಾಗಿ ಕುಳಿಗಳು ತುಸು ಮರೆಯಾಗುತ್ತವೆ. ತೂಕ ಹೆಚ್ಚಿದ್ದವರು ಇಳಿಸಿದರೆ ಕೆಲವರಿಗೆ ಕಡಿಮೆಯಾಗುತ್ತದೆ, ಚರ್ಮ ಸಡಿಲಾಗಿ ಕೆಲವರಿಗೆ ಹೆಚ್ಚಾಗಿಯೂ ಕಾಣುತ್ತದೆ. ಕುಳಿ ಹೋಗದಿದ್ದರೂ ದಿನವಿಡೀ ಕುರ್ಚಿಯಲ್ಲಿ ಕೂಡುವ ಗುಮಾಸ್ತರಿಗೆ ನಡಿಗೆಯಿಂದ ಹೃದಯಕ್ಕೂ ಸಕ್ಕರೆ ಕಾಯಿಲೆಯ ತಡೆಗೂ ಆಗುವ ಲಾಭ ನಿಶ್ಚಿತ.

ಹಣ ಕೊಡುವ ಮುನ್ನ

ಯಂತ್ರ ನಡೆಸುವವರು ಚರ್ಮರೋಗ ತಜ್ಞರೇ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನಲ್ಲಿ ಅವರ ಹೆಸರು ನೋಂದಾಯಿತವಾಗಿದೆಯೇ ಎಂದು ಕೇಳಬೇಕು. ಒಟ್ಟು ಎಷ್ಟು ಸಲ ಬರಬೇಕು, ಒಟ್ಟು ಖರ್ಚು ಎಷ್ಟು, ಫಲ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಮುಂಗಡವಾಗಿ ಪೂರ್ತಿ ಹಣ ಕೊಡಬಾರದು, ರಸೀದಿ ಇಲ್ಲದೆ ಕಾಸೂ ಕೊಡಬಾರದು. ಮೊದಲು ಮತ್ತು ಆಮೇಲೆ ಎಂದು ತೋರಿಸುವ ಚಿತ್ರಗಳಲ್ಲಿ ಬೆಳಕು ಬೇರೆ, ನಿಂತ ಭಂಗಿ ಬೇರೆ ಇರುವುದುಂಟು. ಮೇಲಿನಿಂದ ಬೆಳಕು ಬಿದ್ದರೆ ಕುಳಿ ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯವಾಗುತ್ತದೆ. ಬೊಜ್ಜು ಕರಗಿಸುವುದಾಗಿ ಹೇಳಿ ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದ ೧೯೫೪ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ನಿಷೇಧಿಸಿದೆಯೆಂಬುದನ್ನೂ ನೆನಪಿಡಬೇಕು. ಮೋಸ ಹೋದವರು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ತಡ ಮಾಡಬಾರದ ರೋಗ: ಸೆಲ್ಯುಲೈಟಿಸ್

ಈಗ ಎರಡನೆಯ ಹೆಸರಿಗೆ ಬರೋಣ. ಸೆಲ್ಯುಲೈಟಿಸ್ ಎಂದರೆ ಚರ್ಮದ ಒಳಪದರದಲ್ಲಿ ರೋಗಾಣುಗಳು ಹೊಕ್ಕು ಹರಡುವ ಸೋಂಕು. ಗಂಡಸು, ಹೆಂಗಸು, ಮುದುಕ, ಮಗು ಯಾರಿಗೂ ಬರಬಹುದು. ಬಹಳವಾಗಿ ಕಾಲಿಗೆ ಬರುತ್ತದೆ. ಒಡೆದ ಹಿಮ್ಮಡಿ, ಕಾರಖಾನೆಯಲ್ಲಿ ತಗುಲಿದ ತಗಡಿನ ಗಾಯ, ದಿನವಿಡೀ ಬೂಟಿನೊಳಗೆ ಬೆವರಿ ಬೆರಳ ಸಂದಿಯಲ್ಲಿ ಆದ ಹುಣ್ಣು, ಇವೇ ರೋಗಾಣುಗಳ ಬಾಗಿಲು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಲಕ್ಷಣಗಳು ಇವು: ಸಾಮಾನ್ಯವಾಗಿ ಒಂದೇ ಕಾಲು ಊದುತ್ತದೆ, ಮುಟ್ಟಿದರೆ ಬಿಸಿ, ನೋವು, ಕೆಂಪು. ಕಪ್ಪು ಚರ್ಮದ ಮೇಲೆ ಕೆಂಪು ಎದ್ದು ಕಾಣದಿರಬಹುದು; ಆದುದರಿಂದ ಬಿಸಿಯನ್ನೂ ನೋವನ್ನೂ ನೋಡಬೇಕು. ಗಂಟೆಗಂಟೆಗೆ ಅದು ಹರಡುತ್ತದೆ, ಚಳಿಜ್ವರ ಬರಬಹುದು. ಊತದ ಅಂಚಿನುದ್ದಕ್ಕೂ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಅದು ಗೆರೆ ದಾಟುತ್ತಿದೆಯೇ ಎಂಬುದು ವೈದ್ಯರಿಗೂ ತಿಳಿಯುತ್ತದೆ. ಗೆರೆ ಎಳೆದು ಮನೆಯಲ್ಲಿ ಕಾಯುತ್ತ ಕೂಡಬಾರದು. ಅದೇ ದಿನ ಆಸ್ಪತ್ರೆ ಸೇರಬೇಕು. ಬೇಗ ಹೋದರೆ ಸಾಮಾನ್ಯವಾಗಿ ೫ರಿಂದ ೧೦ ದಿನಗಳ ಜೀವಿರೋಧಕ ಮಾತ್ರೆಗಳಿಂದ ಗುಣವಾಗುತ್ತದೆ. ತಡವಾದರೆ ವಿಷ ರಕ್ತಕ್ಕೇರಿ ಪ್ರಾಣಾಪಾಯವಾದೀತು. ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಲೇಪ ಹಚ್ಚಿ ಬಿಗಿಯಾಗಿ ಕಟ್ಟುವುದು, ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವುದು ಇವೆಲ್ಲ ಬೇಡ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವೂ ಉಂಟು. ಅದಕ್ಕೂ ಅದೇ ದಿನದ ಪರೀಕ್ಷೆ ಬೇಕು.

ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ವಾಚಕರಿಗೆ ಇನ್ನೊಂದು ಮಾತು. ಈ ಜಿಲ್ಲೆಗಳಲ್ಲಿ ಸೊಳ್ಳೆಯಿಂದ ಹರಡುವ ಆನೆಕಾಲು ರೋಗ ಹಿಂದಿನಿಂದ ಇದೆ. ಕಾಲು ಮೆಲ್ಲನೆ ದಪ್ಪವಾಗುತ್ತ ಬಂದು ಆಗಾಗ ಜ್ವರದೊಡನೆ ಕೆಂಪಾಗುತ್ತಿದ್ದರೆ ಅದು ಬೊಜ್ಜೂ ಅಲ್ಲ, ಸೆಲ್ಯುಲೈಟೂ ಅಲ್ಲ. ಅದರ ರೋಗಾಣು ಹೆಚ್ಚಾಗಿ ರಾತ್ರಿಯ ಹೊತ್ತು ರಕ್ತದಲ್ಲಿ ಕಾಣುವುದರಿಂದ ರಕ್ತವನ್ನು ರಾತ್ರಿ ತೆಗೆದು ಪರೀಕ್ಷಿಸುವ ಪದ್ಧತಿಯಿದೆ. ಊದಿದ ಕಾಲನ್ನು ದಿನಾಲು ಸಾಬೂನಿನಿಂದ ತೊಳೆದು, ಬೆರಳ ಸಂದಿ ಒರಸಿ ಒಣಗಿಸಿಟ್ಟರೆ ಸೋಂಕಿನ ಬಾಧೆ ಬಹಳ ಕಡಿಮೆಯಾಗುತ್ತದೆ.

ಎಲ್ಲಿಗೆ ಹೋಗಬೇಕು?

ನಾಸಿಕದಲ್ಲಿ ಜಿಲ್ಲಾ ಸಿವಿಲ್ ಆಸ್ಪತ್ರೆ ಇದೆ. ಕಾರ್ಮಿಕ ವಿಮೆ ಇರುವವರಿಗೆ ಸಾತಪೂರದಲ್ಲಿ ವಿಮಾ ಆಸ್ಪತ್ರೆ ಇದೆ. ಛತ್ರಪತಿ ಸಂಭಾಜಿನಗರದಲ್ಲಿ ೧೯೫೬ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ. ಊರವರು ಅದನ್ನು ಘಾಟಿ ಎಂದೇ ಕರೆಯುತ್ತಾರೆ, ರಿಕ್ಷಾದವರಿಗೆ ಅಷ್ಟು ಹೇಳಿದರೆ ಸಾಕು. ಮರಾಠಿ ಇನ್ನೂ ಬಾರದವರು ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸವಾಗುತ್ತದೆ: "ಪಾಯ್ ಸುಜಲಾ ಆಹೇ, ಲಾಲ್ ಝಾಲಾ ಆಹೇ, ತಾಪ್ ಯೇತೋ." ಕಾಲು ಊದಿದೆ, ಕೆಂಪಾಗಿದೆ, ಜ್ವರ ಬರುತ್ತದೆ ಎಂದು ಇದರ ಅರ್ಥ.

ಒಟ್ಟಿನಲ್ಲಿ ಹೇಳುವುದಾದರೆ, ಎರಡೂ ತೊಡೆಗಳ ಮೇಲೆ ವರ್ಷಗಳಿಂದ ಇರುವ, ನೋಯದ, ಬಿಸಿಯಿಲ್ಲದ ಕುಳಿಗಳಿಗೆ ಆತುರವಿಲ್ಲ. ಅವಕ್ಕಾಗಿ ಸಾಲ ಮಾಡುವ ಕಾರಣವಂತೂ ಇಲ್ಲ. ಒಂದು ಕಾಲು ಒಂದೆರಡು ದಿನಗಳಲ್ಲಿ ಊದಿ, ಬಿಸಿಯಾಗಿ, ನೋಯತೊಡಗಿದರೆ ಒಂದು ದಿನದ ಪಗಾರ ಹೋದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಇಂಥ ವಿಷಯವನ್ನು ಹೆಂಗಸರು ಬಾಯಿಬಿಟ್ಟು ಕೇಳಲು ಸಂಕೋಚಪಡುವುದರಿಂದ, ವಾಚಕರು ಈ ಲೇಖನವನ್ನು ಮನೆಗೆ ಕೊಂಡೊಯ್ದು ಅಕ್ಕತಂಗಿಯರ, ಹೆಂಡತಿಯ, ಮಗಳ ಕೈಗೆ ಕೊಡಬೇಕೆಂದು ವಿನಂತಿಸುತ್ತೇವೆ.